ಉಂಡೆಯಿಂದ ರೊಟ್ಟಿಗೆ: ಗಡ್ಡೆ ತಡೆಯುವ ಜೀನ್‌ಗಳು ಇಲಿಯ ಶ್ವಾಸಕೋಶದಲ್ಲಿ ಮಾಡುವ ಕೆಲಸ

ಶ್ರಾವಣದ ಒಂದು ಸಂಜೆ. ಆಳಂದ ಕಡೆಯ ನಮ್ಮ ಊರಿಂದ ಅಣ್ಣನ ಮಗ ವಾಟ್ಸಾಪ್‌ನಲ್ಲಿ ನಾಲ್ಕು ಪುಟದ ರಿಪೋರ್ಟ್ ಕಳಿಸಿದ. ಅವನ ಹೆಂಡತಿಯ ತಂದೆಗೆ ಶ್ವಾಸಕೋಶದಲ್ಲಿ ಗಡ್ಡೆ. ಅದರ ಚೂರು ತೆಗೆದು ಜೀನ್ ಪರೀಕ್ಷೆಗೆ ಕಳಿಸಿದ್ದರು. ಐದು ನಿಮಿಷಕ್ಕೆ ಫೋನ್ ಬಂತು.

“ಕಾಕಾ, ಕ್ಯಾನ್ಸರ್ ಅದ ಅಂತ ಡಾಕ್ಟರ್ ಮೊದಲೇ ಹೇಳ್ಯಾರ. ಆದ್ರ ಇದರಾಗ ಟಿಪಿ ಐವತ್ತಮೂರು ಕೆಟ್ಟದ ಅಂತ ಬರದಾರ. ಅದೇನು? ಅದು ಮಕ್ಕಳಿಗೂ ಬರ್ತದೇನು?”

ನಾನು ಕಲಬುರಗಿಯಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳುತ್ತೇನೆ. ಆ ಹೊತ್ತು ಫೋನಿನಲ್ಲಿ ತೋಚಿದಷ್ಟು ಹೇಳಿದೆ. ಆದರೆ ಸಾಲಲಿಲ್ಲ ಅನ್ನಿಸಿತು. ಇಂಥ ಜೀನ್ ರಿಪೋರ್ಟ್‌ಗಳು ಈಗ ನಮ್ಮ ಭಾಗದ ಮನೆಗಳಿಗೂ ಬರುತ್ತಿವೆ. ಅದರಲ್ಲಿರುವ ಹೆಸರುಗಳು ಏನು ಅಂತ ಯಾರಾದರೂ ಕೂತು ಬಿಡಿಸಿ ಹೇಳಬೇಕಲ್ವಾ? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಈ ಜೀನ್‌ಗಳು ನಿಜವಾಗಿ ಏನು ಮಾಡುತ್ತವೆ ಅನ್ನುವುದು ಗೊತ್ತಾಗಿದ್ದು ಬಹುಪಾಲು ಇಲಿಗಳಿಂದ. ಹಾಗಾಗಿ ಮಾತು ಇಲಿಯ ಶ್ವಾಸಕೋಶದ ಒಳಗೆ ಹೋಗಿ ಬರಬೇಕಾಗುತ್ತದೆ.

## ಜೀನ್ ಅಂದರೇನು, ಗಡ್ಡೆ ತಡೆಯುವುದು ಅಂದರೇನು

ದೇಹ ಶುರುವಾಗುವುದು ಒಂದೇ ಒಂದು ಜೀವಕೋಶದಿಂದ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಹೀಗೆ ಹೆಚ್ಚುತ್ತಾ ಹೋದ ಕೋಶಗಳಲ್ಲಿ ಕೆಲವು ಚರ್ಮವಾಗುತ್ತವೆ, ಕೆಲವು ಎಲುಬು, ಕೆಲವು ಶ್ವಾಸಕೋಶ. ಯಾವಾಗ ಎರಡಾಗಬೇಕು, ಯಾವಾಗ ನಿಲ್ಲಬೇಕು, ಕೊನೆಗೆ ಏನಾಗಬೇಕು ಅನ್ನುವ ಸೂಚನೆಗಳು ಪ್ರತಿ ಕೋಶದೊಳಗೂ ಡಿಎನ್‌ಎ ಎಂಬ ಉದ್ದನೆಯ ದಾರದಲ್ಲಿ ಬರೆದಿರುತ್ತವೆ. ಆ ದಾರದಲ್ಲಿರುವ ಒಂದೊಂದು ಸೂಚನೆಯೇ ಜೀನ್. ಜೀನ್ ಸುಮ್ನೆ ಬರಹ ಮಾತ್ರ. ಅದನ್ನು ಓದಿ ಕೋಶ ಒಂದು ಪ್ರೋಟೀನ್ ತಯಾರಿಸುತ್ತದೆ. ಕೆಲಸ ಮಾಡುವುದು ಆ ಪ್ರೋಟೀನ್.

ಕೆಲವು ಜೀನ್‌ಗಳು ಕೋಶವನ್ನು ಮುಂದಕ್ಕೆ ತಳ್ಳುತ್ತವೆ: ‘ಬೆಳಿ, ಎರಡಾಗು’. ಇನ್ನು ಕೆಲವು ಹಿಡಿದು ನಿಲ್ಲಿಸುತ್ತವೆ. ಎತ್ತಿಗೆ ಮೂಗುದಾರ ಇರುವ ಹಾಗೆ. ಈ ಮೂಗುದಾರದ ಜೀನ್‌ಗಳಿಗೆ ವೈದ್ಯರು ಟ್ಯೂಮರ್ ಸಪ್ರೆಸರ್ ಜೀನ್ ಅನ್ನುತ್ತಾರೆ. ಅಂದರೆ ಗಡ್ಡೆಯನ್ನು ತಡೆಯುವ ಜೀನ್.

ಬಹುಪಾಲು ಜೀನ್‌ಗಳಿಗೆ ಎರಡು ಪ್ರತಿ. ಒಂದು ತಾಯಿಯಿಂದ ಬಂದದ್ದು, ಒಂದು ತಂದೆಯಿಂದ. ತಳ್ಳುವ ಜೀನ್‌ನಲ್ಲಿ ಒಂದು ಪ್ರತಿ ಹುಚ್ಚೆದ್ದರೂ ತೊಂದರೆ ಶುರುವಾಗಬಹುದು. ತಡೆಯುವ ಜೀನ್ ಹಾಗಲ್ಲ. ಒಂದು ದಾರ ಹರಿದರೂ ಇನ್ನೊಂದು ಹಿಡಿದಿರುತ್ತದೆ. ಸಾಮಾನ್ಯವಾಗಿ ಎರಡೂ ಹರಿದಾಗಲೇ ಎತ್ತು ಕೈಬಿಟ್ಟು ಹೋಗುವುದು. 1971ರಲ್ಲಿ ಆಲ್ಫ್ರೆಡ್ ನಡ್ಸನ್ ಎಂಬ ಅಮೆರಿಕದ ವೈದ್ಯ ಮಕ್ಕಳ ಕಣ್ಣಿನ ಕ್ಯಾನ್ಸರ್‌ನ 48 ಪ್ರಕರಣಗಳ ಲೆಕ್ಕ ಹಾಕಿ ಈ ‘ಎರಡು ಪೆಟ್ಟಿನ’ ಮಾತು ಹೇಳಿದರು. ಆಗ ಆ ಜೀನ್ ಯಾರ ಕೈಗೂ ಸಿಕ್ಕಿರಲಿಲ್ಲ. 1986ರಲ್ಲಿ ಸಿಕ್ಕಿತು. ಅದರ ಹೆಸರು ಆರ್‌ಬಿ.

ನಮ್ಮ ರಿಪೋರ್ಟ್‌ನಲ್ಲಿದ್ದ ಟಿಪಿ53 ಜೀನ್ ತಯಾರಿಸುವ ಪ್ರೋಟೀನ್‌ಗೆ ಪಿ53 ಅನ್ನುತ್ತಾರೆ. ಅದು ಕಣ್ಣಿಗೆ ಬಿದ್ದದ್ದು 1979ರಲ್ಲಿ. 53 ಅನ್ನುವುದು ಆಗ ಅಳೆದ ಅದರ ತೂಕ, ಅಷ್ಟೇ. ಮೊದಲ ಹತ್ತು ವರ್ಷ ಇದನ್ನು ತಳ್ಳುವ ಜೀನ್ ಅಂತಲೇ ತಿಳಿದಿದ್ದರು. ಅವರು ಲ್ಯಾಬ್‌ನಲ್ಲಿ ಇಟ್ಟುಕೊಂಡಿದ್ದು ಕೆಟ್ಟುಹೋದ ಪ್ರತಿ ಅಂತ ತಿಳಿದ ಮೇಲೆ, 1989ರ ಹೊತ್ತಿಗೆ, ಇದು ತಡೆಯುವ ಜೀನ್ ಅನ್ನುವುದು ಖಾತ್ರಿಯಾಯಿತು. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಒಂದು ಜೀನ್ ಕೆಟ್ಟಿರುತ್ತದೆ.

## ಇಲಿಯೇ ಯಾಕೆ

ಮನುಷ್ಯರಲ್ಲಿ ಒಂದು ಜೀನ್ ಕಿತ್ತು ಏನಾಗುತ್ತದೆ ಅಂತ ನೋಡಲು ಆಗುವುದಿಲ್ಲ, ನೋಡಲೂಬಾರದು. ಇಲಿ ಮೂರು ವಾರದೊಳಗೆ ಮರಿ ಹಾಕುತ್ತದೆ. ಅದಕ್ಕೂ ಶ್ವಾಸಕೋಶ ಇದೆ, ಅದಕ್ಕೂ ಪಿ53 ಇದೆ. ನಮ್ಮ ಬಹುಪಾಲು ಜೀನ್‌ಗಳಿಗೆ ಅದರಲ್ಲಿ ಜೋಡಿ ಇದೆ. ಬೇಕಾದ ಜೀನ್ ತೆಗೆದ ಇಲಿಯನ್ನು ಹುಟ್ಟಿಸುವ ದಾರಿ ಕಂಡುಹಿಡಿದ ಮೂವರಿಗೆ 2007ರ ನೊಬೆಲ್ ಬಂತು.

ಇಲ್ಲಿ ಒಂದು ತೊಡಕಿತ್ತು. ಜೀನ್ ಅನ್ನು ಇಡೀ ದೇಹದಿಂದ ತೆಗೆದರೆ ಮರಿ ಹೊಟ್ಟೆಯಲ್ಲೇ ಸತ್ತುಹೋಗಬಹುದು. ಆರ್‌ಬಿ ತೆಗೆದಾಗ ಹಾಗೇ ಆಯಿತು. 1992ರಲ್ಲಿ ಮೂರು ಬೇರೆ ಬೇರೆ ತಂಡಗಳು ಅದನ್ನೇ ಕಂಡವು. ಭ್ರೂಣ ಎರಡು ವಾರದ ಆಸುಪಾಸಿನಲ್ಲಿ ಸತ್ತವು. ಸತ್ತ ಭ್ರೂಣದ ಶ್ವಾಸಕೋಶ ಮುಂದೆ ಹೇಗೆ ಬೆಳೆಯುತ್ತಿತ್ತು ಅಂತ ನೋಡುವುದು ಹೇಗೆ?

ಮನೆಯಲ್ಲಿ ಒಂದು ಕೋಣೆಯ ವೈರಿಂಗ್ ನೋಡಬೇಕಾದರೆ ಇಡೀ ಮನೆಯ ಕರೆಂಟ್ ತೆಗೆಯಬೇಕಿಲ್ಲ. ಆ ಕೋಣೆಯ ಫ್ಯೂಸ್ ತೆಗೆದರೆ ಸಾಕು. ವಿಜ್ಞಾನಿಗಳು ಅಂಥದ್ದೇ ಉಪಾಯ ಮಾಡಿದರು. ತೆಗೆಯಬೇಕಾದ ಜೀನ್‌ನ ಎರಡೂ ಕಡೆ ಗುರುತು ಹಾಕಿಡುತ್ತಾರೆ. ಆ ಗುರುತು ನೋಡಿ ಕತ್ತರಿಸುವ ಒಂದು ಪ್ರೋಟೀನ್ ಶ್ವಾಸಕೋಶದ ಕೋಶಗಳಲ್ಲಿ ಮಾತ್ರ, ಹೇಳಿದ ದಿನ ಮಾತ್ರ ಏಳುವ ಹಾಗೆ ಮಾಡುತ್ತಾರೆ. ಜೊತೆಗೆ ಆ ಕೋಶಕ್ಕೆ ಕೆಂಪಗೆ ಹೊಳೆಯುವ ಬಣ್ಣವನ್ನೂ ಕೊಡುತ್ತಾರೆ. ಅದರ ಮಕ್ಕಳು, ಮೊಮ್ಮಕ್ಕಳು ಎಲ್ಲ ಕೆಂಪಗೇ ಹೊಳೆಯುತ್ತವೆ. ಯಾವ ಕೋಶ ಮುಂದೆ ಏನಾಯಿತು ಅಂತ ಹಿಂಬಾಲಿಸಿ ನೋಡಬಹುದು. ಈ ಉಪಾಯ ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ.

## ಶ್ವಾಸಕೋಶ ಕವಲೊಡೆಯುವುದು

ಇಲಿಯ ಭ್ರೂಣಕ್ಕೆ ಒಂಬತ್ತೂವರೆ ದಿನ ಆದಾಗ ಅನ್ನನಾಳವಾಗಬೇಕಾದ ಕೊಳವೆಯ ಮುಂಭಾಗದಲ್ಲಿ ಎರಡು ಸಣ್ಣ ಮೊಗ್ಗು ಏಳುತ್ತವೆ. ಅದೇ ಶ್ವಾಸಕೋಶದ ಮೊದಲ ರೂಪ. ಮುಂದಿನ ಒಂದು ವಾರ ಆ ಮೊಗ್ಗು ಕವಲೊಡೆಯುತ್ತಲೇ ಹೋಗುತ್ತದೆ.

ನಮ್ಮ ಕಡೆ ತೊಗರಿ ಬಿತ್ತಿ 45–50 ದಿನಕ್ಕೆ ಕುಡಿ ಚಿವುಟುತ್ತಾರೆ. ಈಗ ಬ್ಯಾಟರಿ ಯಂತ್ರ ಬಂದಿದೆ. ಆದರೆ ನಮ್ಮ ವೈನಿ ಇನ್ನೂ ಕೈಯಲ್ಲೇ ಚಿವುಟುತ್ತಾರೆ. ಸಾಲಿನಲ್ಲಿ ನಡೆಯುತ್ತಾ, ಹೆಬ್ಬೆರಳು ತೋರುಬೆರಳ ನಡುವೆ ತುದಿ ಹಿಡಿದು ಚಟ್ಟನೆ ಮುರಿಯುತ್ತಾರೆ. ಸಂಜೆಗೆ ಉಗುರಿನ ಸಂದಿಯೆಲ್ಲ ಹಸಿರು. ಕೆಲವೇ ದಿನಕ್ಕೆ ಪಕ್ಕದಿಂದ ಕವಲು ಹೊರಡುತ್ತವೆ. ನೇರ ಏರುವುದು ನಿಂತರೆ ಗಿಡ ಅಗಲಕ್ಕೆ ಹರಡುತ್ತದೆ. ಹೆಚ್ಚು ಕವಲು, ಹೆಚ್ಚು ಕಾಯಿ.

ಶ್ವಾಸಕೋಶದಲ್ಲಿ ಚಿವುಟುವ ಕೈ ಇಲ್ಲ. ಅಲ್ಲಿ ಸುತ್ತಲಿನ ಕೋಶಗಳು ಅಲ್ಲಲ್ಲಿ ‘ಈ ಕಡೆ ಬಾ’ ಅಂತ ರಾಸಾಯನಿಕ ಸಂದೇಶ ಬಿಡುತ್ತವೆ. ಎಫ್‌ಜಿಎಫ್10 ಅದರ ಹೆಸರು. ಕೊಳವೆಯ ತುದಿ ಆ ಕಡೆ ಬೆಳೆಯುತ್ತದೆ, ಪಕ್ಕದಲ್ಲಿ ಮೊಗ್ಗು ಬಿಡುತ್ತದೆ, ಮತ್ತೆ ಇಬ್ಭಾಗವಾಗುತ್ತದೆ. ಈ ಒಂದು ಸಂದೇಶ ಇಲ್ಲದ ಇಲಿಯಲ್ಲಿ ಗಂಟಲ ಕೆಳಗಿನ ಶ್ವಾಸನಾಳ ಮಾತ್ರ ಇರುತ್ತದೆ, ಶ್ವಾಸಕೋಶವೇ ಇರುವುದಿಲ್ಲ. ಬೆಳೆಯಲು ತಳ್ಳುವ ಸಂದೇಶ ಎಷ್ಟು ಬೇಕೋ, ನಿಲ್ಲಿಸುವ ಸಂದೇಶವೂ ಅಷ್ಟೇ ಬೇಕು. ತುದಿಗಳು ಕವಲೊಡೆಯುತ್ತಲೇ ಇದ್ದರೆ ಉಸಿರಾಡುವವರು ಯಾರು?

ಹುಟ್ಟುವ ಎರಡು ಮೂರು ದಿನ ಮೊದಲು ತುದಿಗಳು ಸಣ್ಣ ಚೀಲಗಳಾಗುತ್ತವೆ. ಹುಟ್ಟಿದ ಮೇಲೆ, ಸುಮಾರು ನಾಲ್ಕು ವಾರದೊಳಗೆ, ಆ ಚೀಲಗಳ ಒಳಗೆ ಗೋಡೆಗಳೆದ್ದು ಗಾಳಿಗೂಡುಗಳಾಗುತ್ತವೆ. ಆಮ್ಲಜನಕ ರಕ್ತಕ್ಕೆ ಸೇರುವುದು ಈ ಗೂಡುಗಳ ಗೋಡೆಯಲ್ಲಿ.

## ಉಂಡೆ ಮತ್ತು ರೊಟ್ಟಿ

ಗಾಳಿಗೂಡಿನ ಗೋಡೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಕೋಶಗಳಿವೆ. ಒಂದನೇ ಬಗೆ, ಎರಡನೇ ಬಗೆ ಅಂತಲೇ ಅವುಗಳ ಹೆಸರು. ಈ ಲೇಖನದ ಜೀವ ಇರುವುದೇ ಇವೆರಡರ ನಡುವೆ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಜೋಳದ ರೊಟ್ಟಿ ಬಡಿಯುವುದನ್ನು ನೋಡಿ. ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ಕೈತುಂಬ ಒಂದು ಉಂಡೆ ಮಾಡುತ್ತಾರೆ. ಉಂಡೆಯನ್ನು ಇಟ್ಟು ಪಟಪಟ ಬಡಿಯುತ್ತಾ ತಿರುಗಿಸುತ್ತಾರೆ. ಬಡಿದಷ್ಟೂ ಅಗಲ, ಅಗಲವಾದಷ್ಟೂ ತೆಳು. ಹಿಟ್ಟು ಅದೇ, ಆಕಾರ ಬೇರೆ, ಕೆಲಸ ಬೇರೆ.

ಒಂದನೇ ಬಗೆಯ ಕೋಶ ರೊಟ್ಟಿಯ ಹಾಗೆ. ಕೂದಲಿನ ದಪ್ಪದ ನೂರನೇ ಒಂದು ಪಾಲಿಗಿಂತ ತೆಳು. ಗಾಳಿಗೂಡಿನ ಒಳಮೈಯ ಸುಮಾರು ಶೇ 95ರಷ್ಟನ್ನು ಇದೇ ಮುಚ್ಚಿರುತ್ತದೆ. ಇಷ್ಟು ತೆಳುವಾಗಿರುವುದರಿಂದಲೇ ಆಮ್ಲಜನಕ ದಾಟಿ ರಕ್ತಕ್ಕೆ ಹೋಗುತ್ತದೆ. ಈ ಕೋಶ ಸಾಮಾನ್ಯವಾಗಿ ಮತ್ತೆ ಎರಡಾಗುವುದಿಲ್ಲ. ಬಡಿದ ರೊಟ್ಟಿ ಬಡಿದಾಯಿತು.

ಎರಡನೇ ಬಗೆಯ ಕೋಶ ಉಂಡೆಯ ಹಾಗೆ, ಗುಂಡಗೆ. ಇದಕ್ಕೆ ಎರಡು ಕೆಲಸ. ಗೂಡುಗಳು ಉಸಿರು ಬಿಟ್ಟಾಗ ಒಂದಕ್ಕೊಂದು ಅಂಟಿ ಮುಚ್ಚಿಹೋಗದಂತೆ ಸೋಪಿನ ನೀರಿನಂಥ ಒಂದು ದ್ರವ ಬಿಡುವುದು ಮೊದಲ ಕೆಲಸ. ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಉಸಿರಾಟದ ತೊಂದರೆ ಬರುವುದು ಈ ದ್ರವ ಸಾಲದೇ. ಎರಡನೆಯದು, ಮೀಸಲು ಹಿಟ್ಟಾಗಿ ಕಾದಿರುವುದು. ಹೊಗೆಯಿಂದಲೋ ಸೋಂಕಿನಿಂದಲೋ ರೊಟ್ಟಿ ಹರಿದರೆ, ಈ ಉಂಡೆಗಳು ಮೊದಲು ಎರಡೆರಡಾಗಿ ಹೆಚ್ಚುತ್ತವೆ. ಆಮೇಲೆ ಅವುಗಳಲ್ಲಿ ಕೆಲವು ಚಪ್ಪಟೆಯಾಗಿ ಒಂದನೇ ಬಗೆಯ ಕೋಶವಾಗುತ್ತವೆ. ತೂತು ಮುಚ್ಚುತ್ತದೆ.

ಹೆಚ್ಚುವುದು ಒಂದು ಹಂತ, ಚಪ್ಪಟೆಯಾಗುವುದು ಇನ್ನೊಂದು ಹಂತ. ಮೊದಲನೆಯದು ನಿಂತು ಎರಡನೆಯದು ಶುರುವಾಗಬೇಕು. ಆ ತಿರುವಿನಲ್ಲಿ ಪಿ53 ನಿಂತಿರುತ್ತದೆ.

## ಪಿ53 ಕೈಯಿಡುವ ಜಾಗ

1992ರಲ್ಲಿ ಪಿ53 ಪೂರ್ತಿ ಇಲ್ಲದ ಇಲಿಗಳನ್ನು ಹುಟ್ಟಿಸಿದಾಗ ಎಲ್ಲರಿಗೂ ಆಶ್ಚರ್ಯ. ಬಹುಪಾಲು ಮರಿಗಳು ನೋಡಲು ಚೆನ್ನಾಗಿಯೇ ಹುಟ್ಟಿದವು. ಶ್ವಾಸಕೋಶವೂ ಬೆಳೆದಿತ್ತು. ಆದರೆ ಆರು ತಿಂಗಳೊಳಗೆ ಹೆಚ್ಚಿನವಕ್ಕೆ ಗಡ್ಡೆ. ಹಾಗಾಗಿ ತುಂಬ ಕಾಲ ಒಂದು ಅಭಿಪ್ರಾಯ ಗಟ್ಟಿಯಾಗಿತ್ತು: ಪಿ53 ಬೆಳವಣಿಗೆಗೆ ಬೇಕಿಲ್ಲ, ಡಿಎನ್‌ಎಗೆ ಪೆಟ್ಟು ಬಿದ್ದಾಗ ಮಾತ್ರ ಎದ್ದು ಬರುವ ಕಾವಲುಗಾರ ಅದು. ಪೆಟ್ಟು ಸಣ್ಣದಾದರೆ ರಿಪೇರಿ ಮಾಡಿಸುತ್ತದೆ, ದೊಡ್ಡದಾದರೆ ಕೋಶವನ್ನೇ ಸಾಯಿಸುತ್ತದೆ.

ಆ ಮಾತು ಸುಳ್ಳಲ್ಲ, ಅರ್ಧ ಮಾತ್ರ. ಹತ್ತಿರದಿಂದ ನೋಡಿದಾಗ ಪಿ53 ಇಲ್ಲದ ಕೆಲವು ಭ್ರೂಣಗಳಲ್ಲಿ, ಅದರಲ್ಲೂ ಹೆಣ್ಣು ಭ್ರೂಣಗಳಲ್ಲಿ, ಮುಂದೆ ಮೆದುಳಾಗಬೇಕಾದ ಕೊಳವೆ ಸರಿಯಾಗಿ ಮುಚ್ಚಿರಲಿಲ್ಲ. ಇನ್ನೊಂದು ಕಡೆ, ಪಿ53 ಅನ್ನು ಹದ್ದುಬಸ್ತಿನಲ್ಲಿ ಇಡುವ ಎಂಡಿಎಂ2 ಎಂಬ ಜೀನ್ ತೆಗೆದರೆ ಭ್ರೂಣ ಕೆಲವೇ ದಿನಕ್ಕೆ ಸಾಯುತ್ತದೆ. ಜೊತೆಗೆ ಪಿ53 ಅನ್ನೂ ತೆಗೆದರೆ ಬದುಕುತ್ತದೆ. 1995ರಲ್ಲಿ ಗೊತ್ತಾದ ಸಂಗತಿ ಇದು. ಮೂಗುದಾರ ಇಲ್ಲದಿದ್ದರೂ ಕಷ್ಟ, ಜಾಸ್ತಿ ಬಿಗಿದರೂ ಕಷ್ಟ.

ಶ್ವಾಸಕೋಶದ ಚಿತ್ರ ಸ್ಪಷ್ಟವಾಗಿದ್ದು ಇತ್ತೀಚೆಗೆ. ಗಾಯವಾದ ಇಲಿಯ ಶ್ವಾಸಕೋಶದಲ್ಲಿ ಒಂದೊಂದೇ ಕೋಶ ತೆಗೆದು, ಯಾವ್ಯಾವ ಜೀನ್ ಕೆಲಸ ಮಾಡುತ್ತಿವೆ ಅಂತ 2020ರಲ್ಲಿ ಕೆಲವು ತಂಡಗಳು ಓದಿದವು. ಉಂಡೆಗೂ ರೊಟ್ಟಿಗೂ ನಡುವೆ ಒಂದು ಅರೆಬಡಿದ ಹಂತ ಇರುವುದು ಕಂಡಿತು. ಆ ಹಂತದ ಕೋಶಗಳಲ್ಲಿ ಪಿ53 ಜೋರಾಗಿ ಕೆಲಸ ಮಾಡುತ್ತಿತ್ತು.

2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಲಾರಾ ಅಟಾರ್ಡಿ ಅವರ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಶ್ವಾಸಕೋಶದಲ್ಲಿ ಕೆರಾಸ್ ಎಂಬ ತಳ್ಳುವ ಜೀನ್ ಹುಚ್ಚೆದ್ದ ಇಲಿಗಳನ್ನು ಅವರು ತೆಗೆದುಕೊಂಡರು. ಕೆರಾಸ್ ಹುಚ್ಚೆದ್ದರೆ ಎರಡನೇ ಬಗೆಯ ಕೋಶಗಳು ಹೆಚ್ಚುತ್ತಲೇ ಹೋಗುತ್ತವೆ. ಇಂಥ ಇಲಿಗಳಲ್ಲಿ ಕೆಲವಕ್ಕೆ ಪಿ53 ಇರಲಿಲ್ಲ, ಕೆಲವಕ್ಕೆ ಮಾಮೂಲಿ ಪಿ53 ಇತ್ತು, ಇನ್ನು ಕೆಲವಕ್ಕೆ ಮಾಮೂಲಿಗಿಂತ ಜೋರಾಗಿ ಕೆಲಸ ಮಾಡುವ ಪಿ53 ಕೊಟ್ಟಿದ್ದರು. ಜೋರಾದ ಪಿ53 ಇದ್ದಲ್ಲಿ ಗಡ್ಡೆ ಕಡಿಮೆ. ಅದು ನಿರೀಕ್ಷೆ ಮಾಡಿದ್ದೇ. ಆದರೆ ಅದು ಗಡ್ಡೆಯನ್ನು ತಡೆದ ಬಗೆ ನೋಡಿ. ಪಿ53 ಆ ಕೋಶಗಳನ್ನು ಚಪ್ಪಟೆಯಾಗುವ ಕಡೆಗೆ, ಅಂದರೆ ಒಂದನೇ ಬಗೆಯ ಕೋಶವಾಗುವ ಕಡೆಗೆ ನೂಕುತ್ತಿತ್ತು. ಆ ಕೆಲಸಕ್ಕೆ ಬೇಕಾದ ಜೀನ್‌ಗಳನ್ನು ತೆರೆಸುತ್ತಿತ್ತು. ಪಿ53 ಇಲ್ಲದ ಕಡೆ ಕೋಶಗಳು ದಾರಿಯಲ್ಲೇ ಸಿಕ್ಕಿಕೊಂಡಿದ್ದವು.

ಕ್ಯಾನ್ಸರ್ ಇಲ್ಲದ, ಸುಮ್ನೆ ಗಾಯವಾದ ಶ್ವಾಸಕೋಶದಲ್ಲೂ ಪಿ53 ಇದೇ ಕೆಲಸ ಮಾಡುತ್ತಿತ್ತು ಅನ್ನುವುದು ಇದಕ್ಕಿಂತ ದೊಡ್ಡ ಮಾತು. ಅಂದರೆ ಗಡ್ಡೆ ತಡೆಯುವುದಕ್ಕೆಂದೇ ಬೇರೆ ಯಾವ ವಿದ್ಯೆಯನ್ನೂ ಅದು ಬಳಸಲಿಲ್ಲ. ‘ಸಾಕು, ಇನ್ನು ರೊಟ್ಟಿಯಾಗು’ ಅಂತ ಹೇಳುವುದೇ ಅದರ ನಿತ್ಯದ ಕೆಲಸ. ಹಾಗೆ ಹೇಳುವ ಕೈ ಇಲ್ಲವಾದಾಗ ಉಂಡೆಯ ಮೇಲೆ ಉಂಡೆ ರಾಶಿ ಬೀಳುತ್ತದೆ. ಒಂದೂ ಒಲೆಗೆ ಹೋಗುವುದಿಲ್ಲ. ನಾವು ಗಡ್ಡೆ ಅನ್ನುವುದು ಆ ರಾಶಿಗೆ.

ಅರೆಬಡಿದ ಹಂತದಲ್ಲೇ ಕೋಶ ನಿಂತುಬಿಟ್ಟರೂ ಒಳ್ಳೆಯದಲ್ಲ. ಶ್ವಾಸಕೋಶ ಗಟ್ಟಿಯಾಗಿ ನಾರುಗಟ್ಟುವ ಕಾಯಿಲೆ ಇರುವ ಮನುಷ್ಯರಲ್ಲಿ ಇಂಥದ್ದೇ ಮಧ್ಯದ ಕೋಶಗಳು ಗುಂಪುಗುಂಪಾಗಿ ಸಿಕ್ಕಿವೆ. ಯಾವ ಹೊತ್ತಿಗೆ ಎಷ್ಟು ಪಿ53 ಅನ್ನುವ ಲೆಕ್ಕ ಅದಕ್ಕೇ ಮುಖ್ಯ.

## ಇನ್ನೆರಡು ಜೀನ್: ಪಿಟೆನ್, ಆರ್‌ಬಿ

ಪಿ53 ಇಲ್ಲದೆಯೂ ಶ್ವಾಸಕೋಶ ಒಂದು ಮಟ್ಟಿಗೆ ಬೆಳೆಯುತ್ತದೆ. ಪಿಟೆನ್ ವಿಷಯ ಹಾಗಲ್ಲ. ಬೆಳೆಯುವ ಸಂದೇಶ ಕೋಶದೊಳಗೆ ಬಂದಾಗ ಅದರ ದನಿ ತಗ್ಗಿಸುವ ಜೀನ್ ಇದು. 2007ರಲ್ಲಿ ಜಪಾನಿನ ತಂಡವೊಂದು ಭ್ರೂಣದ ಶ್ವಾಸಕೋಶದ ಕೋಶಗಳಿಂದ ಮಾತ್ರ ಪಿಟೆನ್ ತೆಗೆದು ನೋಡಿತು. ಹತ್ತರಲ್ಲಿ ಒಂಬತ್ತು ಮರಿಗಳು ಹುಟ್ಟಿದ ಸ್ವಲ್ಪ ಹೊತ್ತಿಗೇ ಆಮ್ಲಜನಕ ಸಾಲದೆ ಸತ್ತವು. ಶ್ವಾಸಕೋಶದಲ್ಲಿ ಕೋಶಗಳಿಗೆ ಕೊರತೆ ಇರಲಿಲ್ಲ, ಜಾಸ್ತಿಯೇ ಇದ್ದವು. ಆದರೆ ಅವು ಬಲಿತು ಗಾಳಿಗೂಡಿನ ಕೋಶಗಳಾಗಿರಲಿಲ್ಲ. ಮನೆ ತುಂಬ ಹಿಟ್ಟು, ತಟ್ಟೆಯಲ್ಲಿ ರೊಟ್ಟಿ ಇಲ್ಲ. ಬದುಕುಳಿದ ಕೆಲವು ಇಲಿಗಳಿಗೆ ಮುಂದೆ ಶ್ವಾಸಕೋಶದ ಕ್ಯಾನ್ಸರ್ ಬಂತು. ಒಂದೇ ಜೀನ್ ಇಲ್ಲದ್ದಕ್ಕೆ ಹುಟ್ಟುವಾಗ ಉಸಿರು ಸಿಗಲಿಲ್ಲ, ದೊಡ್ಡದಾದ ಮೇಲೆ ಗಡ್ಡೆ ಬಂತು. ಎರಡೂ ಒಂದೇ ಬೇರಿನಿಂದ.

ಆರ್‌ಬಿ ಕೆಲಸ ಮಾಡುವುದು ಬೇರೆ ಜಾಗದಲ್ಲಿ. ಶ್ವಾಸನಾಳ ಕವಲೊಡೆಯುವ ಕಡೆಗಳಲ್ಲಿ ಸಣ್ಣ ಗುಂಪುಗಳಾಗಿ ಕೆಲವು ಕೋಶಗಳು ಕೂತಿರುತ್ತವೆ. ಗಾಳಿಯಲ್ಲಿ ಏನಿದೆ ಅಂತ ಗ್ರಹಿಸಿ ನರಗಳಿಗೆ ತಿಳಿಸುವ ಕೋಶಗಳಿವು. ತುಂಬ ವಿರಳ. ಶ್ವಾಸಕೋಶದಿಂದ ಆರ್‌ಬಿ ತೆಗೆದರೆ ಈ ಬಗೆಯ ಕೋಶಗಳೇ ಲೆಕ್ಕಕ್ಕಿಂತ ಹೆಚ್ಚುತ್ತವೆ. ಆರ್‌ಬಿ, ಪಿ53 ಎರಡನ್ನೂ ತೆಗೆದರೆ ಇಲಿಗೆ ಸಣ್ಣಕೋಶದ ಕ್ಯಾನ್ಸರ್ ಎಂಬ ಒಂದು ಬಗೆಯ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಅಂತ 2003ರಲ್ಲಿ ನೆದರ್ಲೆಂಡ್ಸ್‌ನ ತಂಡ ತೋರಿಸಿತು. ಮನುಷ್ಯರ ಸಣ್ಣಕೋಶದ ಶ್ವಾಸಕೋಶ ಕ್ಯಾನ್ಸರ್‌ನಲ್ಲೂ ಬಹುತೇಕ ಎಲ್ಲರಲ್ಲಿ ಈ ಎರಡೂ ಜೀನ್ ಕೆಟ್ಟಿರುತ್ತವೆ.

## ಇಲಿಯ ಮಾತು ನಮಗೆ ಎಷ್ಟು ಹೊಂದುತ್ತದೆ

ಇಲಿಯ ಬಲ ಶ್ವಾಸಕೋಶದಲ್ಲಿ ನಾಲ್ಕು ಭಾಗ, ಎಡಕ್ಕೆ ಒಂದೇ. ನಮಗೆ ಬಲಕ್ಕೆ ಮೂರು, ಎಡಕ್ಕೆ ಎರಡು. ಇಲಿಗೆ ಗಾಳಿಗೂಡು ಆಗುವುದು ಹುಟ್ಟಿದ ಮೇಲೆ. ನಮಗೆ ತಾಯಿಯ ಹೊಟ್ಟೆಯಲ್ಲೇ ಶುರುವಾಗಿ ವರ್ಷಗಟ್ಟಲೆ ನಡೆಯುತ್ತದೆ. ಇಲಿ ಬದುಕುವುದು ಎರಡು ಮೂರು ವರ್ಷ. ಲ್ಯಾಬ್‌ನಲ್ಲಿ ಅದಕ್ಕೆ ಒಂದೇ ದಿನ ಎರಡು ಜೀನ್ ಕೆಡಿಸುತ್ತಾರೆ. ಮನುಷ್ಯರಲ್ಲಿ ಅದು ಹತ್ತಾರು ವರ್ಷಗಳಲ್ಲಿ ಒಂದೊಂದಾಗಿ ಕೆಡುತ್ತದೆ. ಹಾಗಾಗಿ ಇಲಿಯಲ್ಲಿ ಕಂಡದ್ದನ್ನು ಹಾಗೇ ನಮಗೆ ಅಂಟಿಸಬಾರದು. ಅದನ್ನು ಮನುಷ್ಯರ ಗಡ್ಡೆಯ ಚೂರಿನಲ್ಲಿ ಮತ್ತೆ ಹುಡುಕಿ ನೋಡಬೇಕು.

ಮನುಷ್ಯರಲ್ಲಿ ಪಿ53 ಕೆಡುವುದು ಹೇಗೆ ಅನ್ನುವುದಕ್ಕೆ ಒಂದು ಗಟ್ಟಿ ಉತ್ತರ ಬೀಡಿ, ಸಿಗರೇಟಿನ ಹೊಗೆಯಲ್ಲಿದೆ. ತಂಬಾಕಿನ ಹೊಗೆಯಲ್ಲಿರುವ ಬೆಂಜೋಪೈರೀನ್ ದೇಹದೊಳಗೆ ಬದಲಾಗಿ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಪಿ53 ಜೀನ್‌ನಲ್ಲಿ ಅದು ಯಾವ ಜಾಗಗಳಿಗೆ ಅಂಟುತ್ತದೆ ಅಂತ 1996ರಲ್ಲಿ ಗುರುತಿಸಿದರು. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಪಿ53 ಹೆಚ್ಚಾಗಿ ಕೆಟ್ಟಿರುವುದೂ ಅದೇ ಜಾಗಗಳಲ್ಲಿ. ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚುವ ಹಿರಿಯರಿಗೆ ಇದನ್ನು ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ಔಷಧದ ವಿಷಯ. ತಳ್ಳುವ ಜೀನ್ ಹುಚ್ಚೆದ್ದಿದ್ದರೆ ಅದರ ಪ್ರೋಟೀನ್‌ಗೆ ಅಡ್ಡ ಹಾಕುವ ಮಾತ್ರೆ ಮಾಡಬಹುದು. ಇಜಿಎಫ್‌ಆರ್, ಎಎಲ್‌ಕೆ ಎಂಬ ಜೀನ್‌ಗಳಿಗೆ ಅಂಥ ಮಾತ್ರೆಗಳಿವೆ. ಇಜಿಎಫ್‌ಆರ್ ಬದಲಾವಣೆ ನಮ್ಮ ದೇಶದ ರೋಗಿಗಳಲ್ಲಿ ಸಾಕಷ್ಟು ಸಲ ಸಿಗುತ್ತದೆ. ತಡೆಯುವ ಜೀನ್ ಹಾಗಲ್ಲ. ಅಲ್ಲಿ ಅಡ್ಡ ಹಾಕಲು ಏನೂ ಇರುವುದಿಲ್ಲ, ಇಲ್ಲವಾದದ್ದನ್ನು ತಂದುಕೊಡಬೇಕು. ಅದು ಬಹಳ ಕಷ್ಟ. ಕೆಟ್ಟ ಪಿ53 ಅನ್ನು ಸರಿಮಾಡುವ ಮಾತ್ರೆ ಶ್ವಾಸಕೋಶ ಕ್ಯಾನ್ಸರ್‌ನ ದಿನನಿತ್ಯದ ಚಿಕಿತ್ಸೆಗೆ ಇನ್ನೂ ಬಂದಿಲ್ಲ. ಕೋಶವನ್ನು ರೊಟ್ಟಿಯಾಗುವ ದಾರಿಗೆ ತರಲು ಬೇರೆ ಉಪಾಯ ಇದೆಯೇ ಅನ್ನುವ ಹುಡುಕಾಟಕ್ಕೆ ಇಲಿಯ ಈ ಪಾಠವೇ ಆಧಾರ.

## ಮಕ್ಕಳಿಗೂ ಬರುತ್ತದೆಯೇ

ಅಣ್ಣನ ಮಗನ ಪ್ರಶ್ನೆಗೆ ಈಗ ಬರೋಣ. ಗಡ್ಡೆಯ ಚೂರಿನಲ್ಲಿ ಟಿಪಿ53 ಕೆಟ್ಟಿದೆ ಅಂದರೆ, ಸಾಮಾನ್ಯವಾಗಿ ಅದು ಆ ಗಡ್ಡೆಯ ಕೋಶಗಳಲ್ಲಿ ಮಾತ್ರ ಕೆಟ್ಟಿರುತ್ತದೆ. ಹುಟ್ಟಿದ ಮೇಲೆ, ವಯಸ್ಸಾಗುತ್ತಾ, ಶ್ವಾಸಕೋಶದ ಯಾವುದೋ ಒಂದು ಕೋಶದಲ್ಲಿ ಆದ ಬದಲಾವಣೆ ಅದು. ಮಕ್ಕಳಿಗೆ ದಾಟುವುದಿಲ್ಲ.

ಹುಟ್ಟಿನಿಂದಲೇ ಇಡೀ ಮೈಯ ಕೋಶಗಳಲ್ಲಿ ಒಂದು ಪ್ರತಿ ಕೆಟ್ಟಿರುವ ಕುಟುಂಬಗಳೂ ಇವೆ, ಆದರೆ ಅಪರೂಪ. ಅದಕ್ಕೆ ಲಿ–ಫ್ರಾಮೆನಿ ಸಿಂಡ್ರೋಮ್ ಅನ್ನುತ್ತಾರೆ. ಅಂಥ ಮನೆಗಳಲ್ಲಿ ಚಿಕ್ಕ ವಯಸ್ಸಿಗೇ, ಹಲವರಿಗೆ, ಬೇರೆ ಬೇರೆ ಜಾಗದ ಕ್ಯಾನ್ಸರ್ ಬಂದಿರುತ್ತದೆ. ಅನುಮಾನ ಬಂದರೆ ರಕ್ತದ ಪರೀಕ್ಷೆ ಮಾಡಿ ತಿಳಿಯಬಹುದು.

ಇಷ್ಟನ್ನೂ ಮರುದಿನ ಫೋನ್ ಮಾಡಿ ಅವನಿಗೆ ಹೇಳಿದೆ. ಅವರ ಮನೆಯಲ್ಲಿ ಹಿಂದೆ ಯಾರಿಗೂ ಕ್ಯಾನ್ಸರ್ ಆಗಿಲ್ಲ ಅಂದ. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ, ಹಾಳೆ ತಿರುವುವ ಸದ್ದು ಮಾತ್ರ.

“ಕಾಕಾ, ಮೂರನೇ ಹಾಳಿ ಮ್ಯಾಲ ಇಜಿಎಫ್‌ಆರ್ ಅಂತನೂ ಅದ.”

ಅದರ ಕೆಳಗೆ ಪೆನ್ನಿನಿಂದ ಗೆರೆ ಎಳೆದುಕೋ, ಸೋಮವಾರ ಡಾಕ್ಟರ್ ಹತ್ತಿರ ಹೋದಾಗ ಮೊದಲು ಅದನ್ನೇ ಕೇಳು ಅಂದೆ.